ಲೆಕ್ಕದ ಪುಸ್ತಕಕ್ಕೆ ಬೇರೆಯವರ ಬೀಗ

ಈ ಸಲ ಬಂದ ಕಾಗದಗಳ ಕಟ್ಟಿನಲ್ಲಿ ತಿಪಟೂರು ಕಡೆಯ ಸೋದರಿಯೊಬ್ಬರದು ಎಂಟು ಪುಟ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಯಜಮಾನರದು ಕೊಬ್ಬರಿ ಮಂಡಿ. ಮದುವೆಯಾದ ಹೊಸತರಲ್ಲಿ ಮಾವನವರ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕವಿತ್ತಂತೆ. ಈಗ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಗೋಡೆಯ ಮೇಲೆ ವೈಫೈ ಡಬ್ಬಿ. ಲೆಕ್ಕ ಬರೆಯುವವರು ಈಕೆಯೇ. ಒಂದು ಮಧ್ಯಾಹ್ನ ‘ಬಿಲ್ಲು ಕಳಿಸಿದೆ, ನೋಡಿ’ ಎಂದು ಒಂದು ಮೇಲ್ ಬಂತು. ತೆರೆದರು, ಏನೂ ಕಾಣಲಿಲ್ಲ, ಮುಚ್ಚಿ ಊಟಕ್ಕೆ ಹೋದರು. ಮಾರನೇ ದಿನ ಬೆಳಿಗ್ಗೆ ಮೂರು ಕಂಪ್ಯೂಟರಿನಲ್ಲೂ ಒಂದು ಫೈಲೂ ತೆರೆಯಲಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಚೀಟಿ: ದುಡ್ಡು ಕೊಟ್ಟರೆ ಬೀಗ ತೆಗೀತೀವಿ. ಆರು ವರ್ಷದ ಲೆಕ್ಕ, ಯಾವ ರೈತನಿಗೆ ಎಷ್ಟು ಬಾಕಿ ಅನ್ನೋದೆಲ್ಲ ಅದರೊಳಗೆ.

“ಅಕ್ಕಾ, ನಾನೇ ಮನೆ ಹಾಳು ಮಾಡಿದೆ ಅಂತ ಅತ್ತೆ ಅಂದರು. ಯಜಮಾನರು ನಾಲ್ಕು ದಿನದಿಂದ ಮಾತಾಡಿಲ್ಲ. ದುಡ್ಡು ಕಟ್ಟಿಬಿಡೋಣ ಅಂತಿದ್ದಾರೆ. ಏನು ಮಾಡಲಿ?”

ತಂಗಿ, ಮೊದಲು ಕಣ್ಣೊರೆಸಿಕೊಳ್ಳಿ. ಆ ಮೇಲ್‌ನಿಂದಲೇ ಬಂತು ಅಂತ ಖಚಿತವಾಗಿ ಹೇಳೋಕೂ ಆಗದು. ನಿಮ್ಮ ಕಾಗದದ ಆರನೇ ಪುಟದಲ್ಲಿ ಒಂದು ಮಾತು ಬರೆದಿದ್ದೀರಿ: ಸಾಫ್ಟ್‌ವೇರಿನ ಹುಡುಗ ತನ್ನ ಊರಿನಿಂದಲೇ ನಿಮ್ಮ ಕಂಪ್ಯೂಟರ್ ತೆರೆದು ರಿಪೇರಿ ಮಾಡುವ ಹಾಗೆ ಒಂದು ಪ್ರೋಗ್ರಾಂ ಹಾಕಿ ಹೋಗಿದ್ದಾನೆ, ಅದು ಹಗಲೂ ರಾತ್ರಿ ತೆರೆದೇ ಇರುತ್ತದೆ, ಪಾಸ್‌ವರ್ಡು ಅಂಗಡಿಯ ಹೆಸರೇ. ಇದು ಹಿತ್ತಲ ಬಾಗಿಲಿಗೆ ಅಗುಳಿ ಹಾಕದೆ ಮಲಗಿದ ಹಾಗೆ. ಕಳ್ಳರಿಗೆ ಇಂಥ ಬಾಗಿಲೆಂದರೆ ಬಹಳ ಪ್ರೀತಿ. ಒಬ್ಬರು ಒಂದು ಕಾಗದ ತೆರೆದ ಮಾತ್ರಕ್ಕೆ ಇಡೀ ಮಂಡಿಯ ಲೆಕ್ಕ ಹೋಗುತ್ತದೆ ಅಂದರೆ, ದೋಷ ಕಾಗದ ತೆರೆದವರದಲ್ಲ, ಮಂಡಿಯ ಏರ್ಪಾಟಿನದು. ಈ ಸಾಲನ್ನು ನಿಮ್ಮ ಯಜಮಾನರಿಗೂ ಅತ್ತೆಯವರಿಗೂ ಓದಿ ಹೇಳಿ.

ಈಗ ಕೆಲಸದ ಮಾತು. ಮೂರೂ ಕಂಪ್ಯೂಟರಿನ ನೆಟ್‌ವರ್ಕ್ ತಂತಿ ಕಿತ್ತು ಹಾಕಿ, ವೈಫೈ ಡಬ್ಬಿ ಆರಿಸಿ. ಪರದೆಯ ಮೇಲಿನ ಚೀಟಿಯ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಹಳೇ ಪೆನ್‌ಡ್ರೈವು, ಹಾರ್ಡ್‌ಡಿಸ್ಕಿನಲ್ಲಿ ಲೆಕ್ಕದ ನಕಲು ಏನಾದರೂ ಇದ್ದರೆ ಅವಸರಪಟ್ಟು ಆ ಕಂಪ್ಯೂಟರಿಗೇ ಚುಚ್ಚಬೇಡಿ, ಅದಕ್ಕೂ ಬೀಗ ಬೀಳುತ್ತದೆ. ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ದೂರು ಕೊಡಿ, ಇಲ್ಲವೇ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲಿನಲ್ಲಿ ಬರೆಯಿರಿ. ಬ್ಯಾಂಕಿನಿಂದ ಹಣವೂ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ‘ನೋ ಮೋರ್ ರ್‍ಯಾನ್ಸಮ್’ ಎಂಬ ತಾಣವೊಂದಿದೆ. ಯೂರೋಪಿನ ಪೊಲೀಸರು ಬೇರೆಯವರೊಡನೆ ಸೇರಿ 2016ರಲ್ಲಿ ಶುರುಮಾಡಿದ್ದು. ಕೆಲವು ಬಗೆಯ ಬೀಗಗಳಿಗೆ ಅಲ್ಲಿ ಪುಕ್ಕಟೆ ಕೀಲಿ ಸಿಗುತ್ತದೆ. ಎಲ್ಲದಕ್ಕೂ ಸಿಗುವುದಿಲ್ಲ. ಆದ್ದರಿಂದ ಬೀಗ ಬಿದ್ದ ಫೈಲುಗಳನ್ನು ಅಳಿಸಬೇಡಿ, ಇಂದು ಇಲ್ಲದ ಕೀಲಿ ನಾಳೆ ಬಂದೀತು.

ದುಡ್ಡು ಕಟ್ಟಬೇಡಿ ಅಂತಲೇ ನನ್ನ ಅಭಿಪ್ರಾಯ. ಕಳ್ಳನ ಮಾತಿಗೆ ರಶೀದಿ ಎಲ್ಲಿಂದ ಬರಬೇಕು? 2017ರಲ್ಲಿ ನಾಟ್‌ಪೆಟ್ಯ ಎಂಬ ಒಂದು ಹಾವಳಿ ಎದ್ದಿತ್ತು. ಅದೂ ಪರದೆಯ ಮೇಲೆ ದುಡ್ಡು ಕೇಳಿತು. ಕೊಟ್ಟರೂ ಬೀಗ ತೆಗೆಯುವ ದಾರಿಯೇ ಅದರಲ್ಲಿ ಇರಲಿಲ್ಲ.

ಆ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ನಮ್ಮಂಥವರಿಗೆ ಬೇಕಾದ್ದು ಅದರಲ್ಲಿದೆ. ಡೆನ್ಮಾರ್ಕಿನ ಮೇರ್ಸ್ಕ್ ಎಂಬ ಹಡಗಿನ ಕಂಪನಿ, ಪ್ರಪಂಚದ ದೊಡ್ಡ ಕಂಪನಿಗಳಲ್ಲೊಂದು. ಯುಕ್ರೇನ್ ದೇಶದಲ್ಲಿ ಅಂಗಡಿ ಕಂಪನಿಗಳೆಲ್ಲ ಬಳಸುವ ಒಂದು ಲೆಕ್ಕದ ಸಾಫ್ಟ್‌ವೇರ್ ಇತ್ತು. ನಮ್ಮಲ್ಲಿ ಬಿಲ್ಲಿಂಗ್‌ಗೆ ಇರ್ತದಲ್ಲ, ಅಂಥದೇ. ಅದರ ಅಪ್‌ಡೇಟಿನೊಳಗೇ ಯಾರೋ ವಿಷ ಬೆರೆಸಿದರು. 2017ರ ಜೂನ್ 27ರಂದು ಅದು ಹರಡಿತು. ಮೇರ್ಸ್ಕ್‌ನವರ ಕಂಪ್ಯೂಟರುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡಿದ್ದವು, ನೋಡನೋಡುತ್ತಿದ್ದಂತೆ ಸಾಲಾಗಿ ಕಪ್ಪಾದವು. ಮುಂಬೈ ಪಕ್ಕದ ಜವಾಹರಲಾಲ್ ನೆಹರೂ ಬಂದರಿನಲ್ಲಿ ಅವರ ಕೈಯಲ್ಲಿದ್ದ ಟರ್ಮಿನಲ್ಲಿನ ಕೆಲಸವೂ ನಿಂತಿತು.

ಯಾರು ಯಾವ ಕಂಪ್ಯೂಟರಿಗೆ ಬರಬಹುದು ಅನ್ನೋ ಪಟ್ಟಿ ಇಟ್ಟುಕೊಳ್ಳುವ ಯಂತ್ರಗಳು ಅವರ ಹತ್ತಿರ ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದು ಇರಲಿ ಎಂದು ಎಲ್ಲವೂ ಒಂದನ್ನೊಂದು ನೋಡಿ ನಕಲು ಮಾಡಿಕೊಳ್ಳುತ್ತಿದ್ದವು. ಎಲ್ಲವೂ ಒಟ್ಟಿಗೇ ಹೋಗಬಹುದು ಅಂತ ಯಾರೂ ಎಣಿಸಿರಲಿಲ್ಲ. ಉಳಿದದ್ದು ಒಂದೇ ಒಂದು, ಆಫ್ರಿಕಾದ ಘಾನಾ ದೇಶದ್ದು. ಯಾಕೆ ಗೊತ್ತೇ? ಅಲ್ಲಿ ಆ ಹೊತ್ತಿಗೆ ಕರೆಂಟು ಹೋಗಿತ್ತು! ಯಂತ್ರ ಜಾಲದಿಂದ ಕಳಚಿಕೊಂಡಿತ್ತು, ಉಳಿಯಿತು. ಅದರ ಡಿಸ್ಕನ್ನು ಒಬ್ಬರು ವಿಮಾನದಲ್ಲಿ ನೈಜೀರಿಯಾಕ್ಕೆ ಒಯ್ದು ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಇಂಗ್ಲೆಂಡಿಗೆ ತಂದರು. ಮನೆಯ ಮೊಸರೆಲ್ಲ ಕೆಟ್ಟು, ಪಕ್ಕದ ಬೀದಿಯವರಿಂದ ಒಂದು ಚಮಚ ಹೆಪ್ಪು ತಂದ ಹಾಗೆ. ಅದರಿಂದಲೇ ಮತ್ತೆ ಎಲ್ಲವನ್ನೂ ಕಟ್ಟಿದರು. ಹತ್ತು ದಿನದಲ್ಲಿ 4,000 ಸರ್ವರು, 45,000 ಕಂಪ್ಯೂಟರುಗಳಿಗೆ ಹೊಸದಾಗಿ ಎಲ್ಲ ತುಂಬಿದೆವು ಎಂದು ಕಂಪನಿಯ ಅಧ್ಯಕ್ಷರೇ ಆಮೇಲೆ ಹೇಳಿದರು. ನಷ್ಟ 25ರಿಂದ 30 ಕೋಟಿ ಡಾಲರ್. (ಕರೆಂಟು ಹೋದದ್ದಕ್ಕೆ ಕೈ ಮುಗಿದವರು ಪ್ರಪಂಚದಲ್ಲಿ ಅವರೊಬ್ಬರೇ ಇರಬೇಕು.)

ನಾವು ಉಪ್ಪಿನಕಾಯಿ ಹಾಕಿದಾಗ ಏನು ಮಾಡ್ತೀವಿ? ದೊಡ್ಡ ಭರಣಿಗೆ ಬಟ್ಟೆ ಕಟ್ಟಿ ಅಟ್ಟದ ಮೇಲಿಟ್ಟು, ದಿನದ ಬಳಕೆಗೆ ಚಿಕ್ಕ ಜಾಡಿಗೆ ತೆಗೆದುಕೊಳ್ಳುತ್ತೇವೆ. ಯಾರೋ ಒದ್ದೆ ಸೌಟು ಹಾಕಿದರೆ ಚಿಕ್ಕ ಜಾಡಿ ಮಾತ್ರ ಬೂಸಲು ಹಿಡಿಯುತ್ತದೆ. ಲೆಕ್ಕಕ್ಕೂ ಅದೇ ಕ್ರಮ. ಪ್ರತಿ ಸಂಜೆ ಅಂಗಡಿ ಮುಚ್ಚುವ ಮೊದಲು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ, ಆ ಡಿಸ್ಕನ್ನು ಬಿಚ್ಚಿ ಇಡಿ. ಬಿಚ್ಚಿ ಇಡುವುದೇ ಮುಖ್ಯ. ಚುಚ್ಚಿಯೇ ಬಿಟ್ಟರೆ ಅದು ಚಿಕ್ಕ ಜಾಡಿಯೇ ಆಯಿತು. ಎರಡು ಡಿಸ್ಕು ಇದ್ದರೆ ಒಳ್ಳೆಯದು, ವಾರಕ್ಕೊಮ್ಮೆ ಅದಲು ಬದಲು ಮಾಡಿ ಒಂದನ್ನು ಮನೆಯ ಬೀರುವಿನಲ್ಲಿಡಿ, ಅಂಗಡಿಗೆ ಬೆಂಕಿ ಬಿದ್ದರೂ ಇದು ಉಳಿಯುತ್ತದೆ. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ. ತೆರೆಯದ ನಕಲನ್ನು ವರ್ಷಗಟ್ಟಲೆ ಜೋಪಾನ ಮಾಡಿದವರನ್ನು ನಾನು ಕಂಡಿದ್ದೇನೆ.

ಇನ್ನು ಆ ವೈಫೈ ಡಬ್ಬಿ. ಬಂದ ರೈತರು, ಲಾರಿ ಡ್ರೈವರುಗಳು ಎಲ್ಲರಿಗೂ ಅದೇ ಪಾಸ್‌ವರ್ಡು ಹೇಳುತ್ತೇವೆ ಎಂದು ಬರೆದಿದ್ದೀರಿ. ಬಂದವರಿಗೆ ಜಗುಲಿ, ಅಡುಗೆಮನೆಯಲ್ಲ. ಹೆಚ್ಚಿನ ಡಬ್ಬಿಗಳಲ್ಲಿ ಅತಿಥಿಗಳಿಗೆಂದೇ ಬೇರೆ ವೈಫೈ ಮಾಡಿಕೊಡುವ ಸೌಲಭ್ಯವಿದೆ, ಅದನ್ನು ಹಾಕಿಸಿ. ಡಬ್ಬಿಯ ಸೆಟ್ಟಿಂಗ್ ಬದಲಿಸುವ ಪಾಸ್‌ವರ್ಡು ಬೇರೆಯೇ ಇರುತ್ತದೆ, ತಂದಾಗ ಇದ್ದದ್ದನ್ನೇ ಬಿಟ್ಟಿದ್ದರೆ ಇವತ್ತೇ ಬದಲಿಸಿ. ಊರಿನಿಂದ ರಿಪೇರಿ ಮಾಡುವ ಪ್ರೋಗ್ರಾಂ ತೆಗೆಸಿ. ಬೇಕಾದಾಗ ನೀವು ಎದುರಿಗೆ ಕೂತು ತೆರೆದು, ಕೆಲಸ ಮುಗಿದ ಮೇಲೆ ಮುಚ್ಚಿ. ಗುಮಾಸ್ತರಿಗೊಂದು, ನಿಮಗೊಂದು, ಬೇರೆ ಬೇರೆ ಲಾಗಿನ್ ಇರಲಿ. ಕೆಲಸ ಬಿಟ್ಟವರದು ಅವತ್ತೇ ಹೋಗಲಿ.

ಅಪ್‌ಡೇಟ್ ಕೇಳಿದಾಗಲೆಲ್ಲ ‘ಆಮೇಲೆ’ ಒತ್ತುವ ಅಭ್ಯಾಸ ನನಗೂ ಇತ್ತು. 2017ರ ಮೇ 12ರಂದು ವಾನಾಕ್ರೈ ಬಂತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್‌ನವರು ಮಾರ್ಚಿಯಲ್ಲೇ ತೇಪೆ ಕೊಟ್ಟಿದ್ದರು. ಎರಡು ತಿಂಗಳು ‘ಆಮೇಲೆ’ ಅಂದವರಿಗೇ ಹೆಚ್ಚಾಗಿ ಹೊಡೆತ ಬಿದ್ದದ್ದು. ಯುಕ್ರೇನಿನಲ್ಲಿ ಅಪ್‌ಡೇಟಿನಿಂದಲೇ ವಿಷ ಬಂತಲ್ಲ ಅಂತ ಕೇಳ್ತೀರಿ. ನಿಜ, ಆದರೆ ಅದು ಅಪರೂಪ, ತೇಪೆ ಹಾಕದ ತೂತಿನಿಂದ ಬರುವುದು ದಿನದ ಮಾತು. ನಿಮ್ಮ ಒಂದು ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದೆಯೆಂದಿದ್ದೀರಿ. ಅದಕ್ಕೆ 2020ರ ಜನವರಿಯಲ್ಲೇ ತೇಪೆ ನಿಂತಿತು. ಅದನ್ನು ಇಂಟರ್‌ನೆಟ್ಟಿಗೆ ಸೇರಿಸಲೇಬೇಡಿ.

ಹೋದ ಲೆಕ್ಕ ಪೂರ್ತಿ ಹೋಗಿಲ್ಲ ತಂಗಿ. ಆಡಿಟರ್ ಹತ್ತಿರ ಹೋದ ವರ್ಷದ ನಕಲು ಇರಬಹುದು, ಕೇಳಿ. ಸಲ್ಲಿಸಿದ ಜಿಎಸ್‌ಟಿ ವಿವರ ಪೋರ್ಟಲಿನಲ್ಲಿ ಸಿಗುತ್ತದೆ, ಬ್ಯಾಂಕಿನವರು ಸ್ಟೇಟ್‌ಮೆಂಟ್ ಕೊಡುತ್ತಾರೆ. ರೈತರ ಬಾಕಿಗೆ ಅವರ ಕೈಲಿರುವ ಪಟ್ಟಿಗಳನ್ನೇ ತರಿಸಿ ಒಂದೊಂದಾಗಿ ಬರೆದುಕೊಳ್ಳಿ. ಅವರಾಗಿ ಬಂದು ಕೇಳುವ ಮೊದಲೇ ನೀವೇ ವಿಷಯ ಹೇಳಿಕಳಿಸಿ. ಮಂಡಿಯಲ್ಲಿ ಗಾಳಿಮಾತು ಲೆಕ್ಕಕ್ಕಿಂತ ಬೇಗ ಓಡುತ್ತದೆ. ಮಾವನವರ ಕೆಂಪು ಪುಸ್ತಕ ಇನ್ನೂ ಇದ್ದರೆ, ಸದ್ಯಕ್ಕೆ ಈ ಬರವಣಿಗೆಯನ್ನು ಅದರಲ್ಲೇ ಶುರುಮಾಡಿ. ಏನಾಯಿತೆಂದು ಬರೆಯಿರಿ, ಕಾಯುತ್ತಿರುತ್ತೇನೆ.

ಶಿರಸಿಯ ಸೋದರಿಗೆ: ಅಂಗಡಿಯ ಕ್ಯಾಮೆರಾ ಕೂಡ ಒಂದು ಕಂಪ್ಯೂಟರೇ. 2016ರಲ್ಲಿ ಮಿರಾಯ್ ಎಂಬುದು ಲಕ್ಷಗಟ್ಟಲೆ ಇಂಥ ಸಾಧನಗಳನ್ನು ಹಿಡಿದದ್ದು ಕಾರ್ಖಾನೆಯಿಂದ ಬಂದ ಪಾಸ್‌ವರ್ಡಿನಿಂದಲೇ. ನಿಮ್ಮದನ್ನು ಬದಲಿಸಿ, ಆಮೇಲೆ ಬಾಗಿಲ ಕಡೆ ತಿರುಗಿಸಿ. ಹಲಸಿನ ಹಪ್ಪಳದ ಪ್ರಶ್ನೆಗೆ ಉತ್ತರ ಮುಂದಿನ ಸಂಚಿಕೆಯಲ್ಲಿ.