ಎಪ್ಪತ್ತೊಂದು ಮತಗಳು: ಇಂಡಿಗನತ್ತದಿಂದ ನಮ್ಮ ಹಳ್ಳಿಗಳು ಅರಿಯಬೇಕಾದುದು



ಪ್ರತಿ ಚುನಾವಣೆಯ ನಂತರ ಶೇಕಡಾವಾರು ಮತದಾನದ ಲೆಕ್ಕ ಪ್ರಕಟವಾಗುತ್ತದೆ. ತಿ. ನರಸೀಪುರ, ನಂಜನಗೂಡು ವಿಧಾನಸಭಾ ಕ್ಷೇತ್ರಗಳನ್ನು ಒಳಗೊಂಡ ಚಾಮರಾಜನಗರ ಲೋಕಸಭಾ ಕ್ಷೇತ್ರದಲ್ಲಿ 2024ರ ಏಪ್ರಿಲ್ 26ರಂದು ಶೇ. 76ಕ್ಕೂ ಹೆಚ್ಚು ಮತದಾನವಾಯಿತು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಆದದ್ದು ಸುಮಾರು ಶೇ. 53. ಈ ಹೋಲಿಕೆಯಿಂದ ಹೆಮ್ಮೆಪಡುವುದು ಸಹಜ. ಆದರೆ ಕ್ಷೇತ್ರದ ಸರಾಸರಿಯು ಸಣ್ಣ ಊರುಗಳ ಸಂಕಟವನ್ನು ಮರೆಮಾಚುತ್ತದೆ.

ಅದೇ ಕ್ಷೇತ್ರದ ಹನೂರು ಭಾಗದಲ್ಲಿ, ಮಲೆ ಮಹದೇಶ್ವರ ಬೆಟ್ಟದ ಕಾಡಿನೊಳಗೆ ಇಂಡಿಗನತ್ತ ಎಂಬ ಪುಟ್ಟ ಗ್ರಾಮವಿದೆ. ರಸ್ತೆ, ಕುಡಿಯುವ ನೀರು, ವಿದ್ಯುತ್ತಿನಂತಹ ಮೂಲಸೌಕರ್ಯ ದೊರೆತಿಲ್ಲವೆಂದು ಅಲ್ಲಿನವರು ಮತದಾನ ಬಹಿಷ್ಕರಿಸಲು ನಿಶ್ಚಯಿಸಿದರು. ಮತದಾನದ ದಿನ ಘರ್ಷಣೆಯಾಗಿ ಮತಗಟ್ಟೆ ಧ್ವಂಸಗೊಂಡಿತು. ಪ್ರಕರಣಗಳು ದಾಖಲಾದವು, ಬಂಧನಗಳಾದವು, ಅನೇಕರು ಊರು ತೊರೆದರು. ಏಪ್ರಿಲ್ 29ರಂದು ನಡೆದ ಮರುಮತದಾನದಲ್ಲಿ 528 ಮತದಾರರ ಪೈಕಿ ಮತ ಹಾಕಿದವರು 71 ಮಂದಿ ಮಾತ್ರ.

ಈ 71ನ್ನು ಕೇವಲ ನಿರಾಸಕ್ತಿಯ ಅಂಕಿಯೆಂದು ಓದಿದರೆ ತಪ್ಪಾಗುತ್ತದೆ. ನಗರದ ಮತದಾರನು ಮತಗಟ್ಟೆಗೆ ಹೋಗದಿರುವುದಕ್ಕೂ, ದಶಕಗಳ ಕಾಲ ಭರವಸೆಗಳನ್ನಷ್ಟೇ ಕೇಳಿದ ಕಾಡಂಚಿನ ಗ್ರಾಮವು ಹೋಗದಿರುವುದಕ್ಕೂ ಅಜಗಜಾಂತರವಿದೆ. ಮೊದಲನೆಯದು ಉದಾಸೀನ, ಎರಡನೆಯದು ನೊಂದವರ ಮಾತು. ಅವರ ನೋವನ್ನು ನಾವು ಗೌರವಿಸುತ್ತೇವೆ. ಹಿಂಸೆಯನ್ನು ಮಾತ್ರ ಯಾವ ಕಾರಣಕ್ಕೂ ಸಮರ್ಥಿಸಲಾಗದು.

ಹಾಗಾದರೆ ಬಹಿಷ್ಕಾರ ಫಲ ನೀಡುತ್ತದೆಯೇ? ನಮ್ಮ ಚುನಾವಣಾ ಪದ್ಧತಿಯಲ್ಲಿ ಫಲಿತಾಂಶ ಸಿಂಧುವಾಗಲು ಕನಿಷ್ಠ ಮತದಾನದ ಮಿತಿಯೇ ಇಲ್ಲ. ಚಲಾವಣೆಯಾದ ಮತಗಳಲ್ಲಿ ಹೆಚ್ಚು ಪಡೆದವರು ಗೆಲ್ಲುತ್ತಾರೆ. ಒಂದು ಊರು ಹೊರಗುಳಿದರೆ ಆ ಊರನ್ನು ಬಿಟ್ಟು ಲೆಕ್ಕ ನಡೆಯುತ್ತದೆ, ಅಷ್ಟೆ. ಯಾವ ಅಭ್ಯರ್ಥಿಯೂ ಒಪ್ಪಿಗೆಯಾಗದವರಿಗೆ 2013ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ‘ನೋಟಾ’ ಲಭ್ಯವಾಗಿದೆ. ಅದೂ ಫಲಿತಾಂಶವನ್ನು ಬದಲಿಸದು. ಆದರೆ ಅಸಮ್ಮತಿಯನ್ನು ದಾಖಲೆಯಲ್ಲಿ ಉಳಿಸುತ್ತದೆ.

ಒಂದು ಮತದ ಬೆಲೆಯನ್ನು ಬಲ್ಲದ್ದು ನಮ್ಮ ಸೀಮೆಯೇ. 2004ರಲ್ಲಿ ನೆರೆಯ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿ ಅವರೆದುರು ಒಂದೇ ಮತದಿಂದ ಗೆದ್ದರು. 2019ರ ಲೋಕಸಭಾ ಚುನಾವಣೆಯಲ್ಲಿ ಅದೇ ಧ್ರುವನಾರಾಯಣ ಅವರು ವಿ. ಶ್ರೀನಿವಾಸ ಪ್ರಸಾದ್ ಅವರೆದುರು 1,817 ಮತಗಳಿಂದ ಸೋತರು. ಅಂದು 909 ಮಂದಿ ಮನಸ್ಸು ಬದಲಿಸಿದ್ದರೆ ಫಲಿತಾಂಶವೇ ಬೇರೆಯಾಗುತ್ತಿತ್ತು. ಅದು ಇಂಡಿಗನತ್ತದಂತಹ ಎರಡು ಊರುಗಳ ಮತವೂ ಅಲ್ಲ. ಆದರೆ 2024ರಲ್ಲಿ ಗೆಲುವಿನ ಅಂತರ 1.88 ಲಕ್ಷ ದಾಟಿತ್ತು. ಅಂತಹ ವರ್ಷದಲ್ಲಿ ಸಣ್ಣ ಊರಿನ ಮತ ಫಲಿತಾಂಶವನ್ನು ತೀರ್ಮಾನಿಸುವುದಿಲ್ಲವೆಂಬುದೂ ಸತ್ಯವೇ.

ಗ್ರಾಮ ಪಂಚಾಯಿತಿಯಲ್ಲಿ ಮಾತ್ರ ಈ ಲೆಕ್ಕ ತಿರುವುಮುರುವಾಗುತ್ತದೆ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು. ಒಂದು ಬೀದಿಯ ಕೆಲವೇ ಮನೆಗಳು ಸೋಲುಗೆಲುವನ್ನು ನಿರ್ಣಯಿಸಬಲ್ಲವು. ಬೀದಿದೀಪ, ಚರಂಡಿ, ನಲ್ಲಿಯ ನೀರು ಮೊದಲು ಕೇಳಬೇಕಾದದ್ದೂ ಅಲ್ಲಿಯೇ. ಗ್ರಾಮಸಭೆಗೆ ಹೋಗದೆ, ಐದು ವರ್ಷಕ್ಕೊಮ್ಮೆ ಲೋಕಸಭಾ ಮತದಾನದ ದಿನ ಮುನಿಯುವುದರಿಂದ ಕೆಲಸವಾಗುವುದು ವಿರಳ.

ಇನ್ನೊಂದು ಸಂಗತಿ. ವ್ಯಕ್ತಿಯ ಮತ ಗುಪ್ತವಾದರೂ ಮತಗಟ್ಟೆಯ ಮತ ಗುಪ್ತವಲ್ಲ. ಮತಯಂತ್ರಗಳ ಎಣಿಕೆಯ ನಂತರ ಮತಗಟ್ಟೆವಾರು ಅಂಕಿಅಂಶಗಳು ಪ್ರಕಟವಾಗುತ್ತವೆ. ಹಲವು ಯಂತ್ರಗಳ ಮತಗಳನ್ನು ಬೆರೆಸಿ ಎಣಿಸುವ ‘ಟೋಟಲೈಜರ್’ ಬಳಕೆಗೆ ಚುನಾವಣಾ ಆಯೋಗವು 2008ರಲ್ಲೇ ಸಲಹೆ ನೀಡಿತು. 2015ರಲ್ಲಿ ಕಾನೂನು ಆಯೋಗವೂ ಬೆಂಬಲಿಸಿತು. ಅದು ಜಾರಿಗೆ ಬಂದಿಲ್ಲ. ಆದ್ದರಿಂದಲೇ “ನಿಮ್ಮೂರು ನಮಗೆ ಮತ ಕೊಡಲಿಲ್ಲ” ಎಂಬ ಆಕ್ಷೇಪಣೆ ಸಾಧ್ಯವಾಗುತ್ತದೆ. ಇಡೀ ಕೇರಿ, ಇಡೀ ಜನಾಂಗ ಒಬ್ಬರಿಗೇ ಮತ ಹಾಕಬೇಕೆಂಬ ಒತ್ತಡ ಹುಟ್ಟುವುದೂ ಇಲ್ಲಿಯೇ. ಅಂತಹ ಒತ್ತಡಕ್ಕೆ ಮಣಿದ ಊರನ್ನು ಗೆದ್ದವರು ತಮ್ಮ ಆಸ್ತಿಯೆಂದು ಭಾವಿಸುತ್ತಾರೆ, ಸೋತವರು ಮರೆಯುತ್ತಾರೆ.

ನಮ್ಮ ಹೋಬಳಿಯ ಗ್ರಾಮಗಳಲ್ಲಿ ಆಗಬೇಕಾದ ಮೊದಲ ಕೆಲಸ ಮತದಾರರ ಪಟ್ಟಿಯ ಪರಿಶೀಲನೆ. ಮೃತರ, ಮದುವೆಯಾಗಿ ಹೋದ ಹೆಣ್ಣುಮಕ್ಕಳ, ಮೈಸೂರು ಬೆಂಗಳೂರುಗಳಲ್ಲಿ ನೆಲೆಸಿದವರ ಹೆಸರುಗಳು ಉಳಿದಿದ್ದರೆ, ಊರಿನಲ್ಲಿರುವವರೆಲ್ಲ ಮತ ಹಾಕಿದರೂ ಶೇಕಡಾವಾರು ಇಳಿಯುತ್ತದೆ. ಹೊಸ ಸೇರ್ಪಡೆಗೆ ನಮೂನೆ 6, ಹೆಸರು ತೆಗೆಯಲು ನಮೂನೆ 7, ವಿಳಾಸ ಬದಲಾವಣೆಗೆ ನಮೂನೆ 8. ಎರಡು ಕಡೆ ಹೆಸರಿರುವುದನ್ನು ಕಾನೂನು ಒಪ್ಪುವುದಿಲ್ಲ. ಹದಿನೆಂಟು ತುಂಬಿದವರ ಅರ್ಹತೆಗೆ ಈಗ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೆಯ ತಾರೀಖುಗಳು ನಿಗದಿಯಾಗಿವೆ.

ಯಾರಿಗೆ ಮತ ನೀಡಬೇಕೆಂದು ಶ್ರೀಮಠವು ಹೇಳುವುದಿಲ್ಲ, ಹೇಳಲೂಬಾರದು. ಧಾರ್ಮಿಕ ಸ್ಥಳಗಳನ್ನು ರಾಜಕೀಯ ಚಟುವಟಿಕೆಗೆ ಬಳಸುವುದನ್ನು 1988ರ ಕೇಂದ್ರ ಕಾಯಿದೆ ನಿಷೇಧಿಸಿದೆ. ಅದಕ್ಕಿಂತ ಮಿಗಿಲಾಗಿ, ಕಾಯಕಜೀವಿಗಳೆಲ್ಲ ಸಮಾನರಾಗಿ ಕುಳಿತು ಮಾತನಾಡಿದ ಅನುಭವ ಮಂಟಪದ ಪರಂಪರೆ ನಮ್ಮದು. ಅಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಆಡಲಿಲ್ಲ. ಮತವೂ ಹಾಗೆಯೇ ಅವರವರದೇ ಮಾತು. ಇಂಡಿಗನತ್ತದಲ್ಲಿ ಆಡದೆ ಉಳಿದ 457 ಮಾತುಗಳನ್ನು ಆಳುವವರು ಆಲಿಸಲಿ. ಆಡುವ ಅವಕಾಶವಿರುವ ನಾವು ಆಡಿಯೇ ಕೇಳೋಣ.