ಸೂಟ್‌ಕೇಸಿನ ಆಲ್ಪ್ರಾಜೊಲಮ್

ನಾಟಿಂಗ್‌ಹ್ಯಾಮ್ ಬೂಟ್ಸ್ ಹುಟ್ಟಿದ ಊರು. ಆದರೂ ನಮ್ಮಲ್ಲಿ ಕೆಲವರ ಆತಂಕದ ಮಾತ್ರೆ ಬರೋದು ಬೆಂಗಳೂರಿಂದ, ಚಟ್ನಿಪುಡಿ ಜೊತೆ. "ಜಿಪಿ ಕೊಟ್ಟ ಸರ್ಟ್ರಲೀನ್ ಕೆಲಸ ಮಾಡಲ್ಲ, ಆಲ್ಪ್ರಾಜೊಲಮ್ ತಕ್ಷಣ ಹಿಡಿಯತ್ತೆ" ಅಂತೀರಿ. ಇದೊಂದು ಹೋಲಿಕೆನಾ? ಸರ್ಟ್ರಲೀನ್‌ಗೆ ವಾರಗಳೇ ಬೇಕು. ಮೊದಮೊದಲು ವಾಕರಿಕೆ, ತಳಮಳ ಹೆಚ್ಚೂ ಆಗಬಹುದು. ನೀವು ಅಷ್ಟರಲ್ಲೇ ಬಿಟ್ಟು ತೀರ್ಪು ಕೊಡ್ತೀರಿ. ಆಲ್ಪ್ರಾಜೊಲಮ್ ಬೇಗ ಮುಟ್ಟತ್ತೆ, ಬೇಗ ಇಳಿಯತ್ತೆ, ಆಮೇಲೆ ಬಿಡಕ್ಕಾಗಲ್ಲ.

2011ರಲ್ಲಿ ಇಲ್ಲಿನ ನೈಸ್ ಸಂಸ್ಥೆ ಸರ್ಟ್ರಲೀನನ್ನು ಮುಂದಿಟ್ಟಿದ್ದಕ್ಕೆ ಅಗ್ಗ ಅನ್ನೋದೂ ಕಾರಣ, ಒಪ್ಪೋಣ. ಆದರೆ ಆಲ್ಪ್ರಾಜೊಲಮ್‌ನಂಥವನ್ನು ಬಿಕ್ಕಟ್ಟಿನ ಅಲ್ಪಾವಧಿಗಷ್ಟೇ ಅಂದಿದ್ದು ದುಡ್ಡು ಉಳಿಸೋಕಲ್ಲ. ಒಗ್ಗದಿದ್ದರೆ ಡುಲೋಕ್ಸೆಟಿನ್, ವೆನ್ಲಾಫಾಕ್ಸಿನ್ ಕೇಳಿ. ಮಾತಿನ ಚಿಕಿತ್ಸೆಗಂತೂ ಜಿಪಿ ಚೀಟಿಯೂ ಬೇಡ, ನೀವೇ ಹೆಸರು ಕೊಡಬಹುದು.

ತಿಂಗಳುಗಟ್ಟಲೆ ನುಂಗ್ತಿದ್ದೀರಾ? ಥಟ್ಟನೆ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು. ಆ ಮಾತ್ರೆ ತಗೊಂಡೋಗಿ ಜಿಪಿಗೆ ತೋರಿಸಿ, ಡೋಸ್ ಮೆಲ್ಲಗೆ ಇಳಿಸೋ ದಾರಿ ಕೇಳಿ.