ಮೇವಿನ ಬೀಜಕ್ಕೆ ಜವಾಬುದಾರರು ಯಾರು?

1907ರಲ್ಲಿ ಕಟ್ಟೆಯ ಕೆಲಸ ಮುಗಿದ ಮೇಲೆ ಮಾರಿಕಣಿವೆ ಮೊದಲ ಸಲ ಕೋಡಿ ಹರಿದದ್ದು 1933ರಲ್ಲಿ. ಎರಡನೆಯ ಸಲ ಹರಿಯುವುದಕ್ಕೆ 89 ವರ್ಷ ಬೇಕಾಯಿತು. 2022ರ ಸೆಪ್ಟೆಂಬರಿನಲ್ಲಿ ಹರಿದದ್ದು 2025ರ ಜನವರಿಯಲ್ಲಿ ಮತ್ತೆ ಹರಿಯಿತು. ಭದ್ರೆಯ ನೀರು ವೇದಾವತಿಗೆ ಬಂದು ಸೇರಿದ್ದೂ ಇದಕ್ಕೆ ಒಂದು ಕಾರಣ. ನೀರು ಬಂದಾಗಲೆಲ್ಲ ಮಂತ್ರಿಗಳು ಬಾಗಿನ ಬಿಡುತ್ತಾರೆ, ಭಾಷಣವಾಗುತ್ತದೆ, ಪಟ ತೆಗೆಯುತ್ತಾರೆ. ಆದರೆ ಸುಮಾರು 30,000 ಎಕರೆ ಅಚ್ಚುಕಟ್ಟಿಗೆ ಹರಿಯುವ ಈ ನೀರಿನಲ್ಲಿ ಯಾವ ಬೀಜ ಮೊಳೆಯಬೇಕು, ಆ ಬೀಜ ಎಲ್ಲಿಂದ ಬರಬೇಕು, ಅದು ಸುಳ್ಳಾದರೆ ಯಾರನ್ನು ಕೇಳಬೇಕು ಎಂಬ ಮಾತನ್ನು ಯಾವ ವೇದಿಕೆಯಿಂದಲೂ ನಾವು ಕೇಳಿಲ್ಲ.

ಈ ವಾರ ಒಂದೇ ಒಂದು ಬೆಳೆಯನ್ನು ಹಿಡಿದು ಈ ಪ್ರಶ್ನೆಯನ್ನು ಎತ್ತುತ್ತೇವೆ. ಅದು ಕುದುರೆ ಮಸಾಲೆ ಸೊಪ್ಪು. ಅಂಗಡಿಯವರು ಇದನ್ನು ಲೂಸರ್ನ್ ಎನ್ನುತ್ತಾರೆ, ಅಮೆರಿಕದವರು ಅಲ್ಫಾಲ್ಫಾ ಎನ್ನುತ್ತಾರೆ. ದೊಡ್ಡ ಬೆಳೆಗಳ ನಡುವೆ ಇದು ಬದುವಿನ ಪಕ್ಕದ ಸಣ್ಣ ಬೆಳೆ. ಆದರೆ ಹಾಲಿನ ಡೈರಿಗೆ ದಿನಕ್ಕೆ ನಾಲ್ಕು ಲೀಟರು ಹಾಕಿ ಮಕ್ಕಳ ಶಾಲೆಯ ಖರ್ಚು ನೋಡಿಕೊಳ್ಳುವ ಮನೆಗೆ ಇದು ಸಣ್ಣದಲ್ಲ. ಅಕ್ಟೋಬರು ನವೆಂಬರಿನಲ್ಲಿ ಬಿತ್ತಿದರೆ ಎರಡು ತಿಂಗಳಿಗೆ ಮೊದಲ ಕೊಯ್ಲು. ಆಮೇಲೆ ತಿಂಗಳಿಗೊಂದು ಕೊಯ್ಲು. ನೀರೊಂದಿದ್ದರೆ ಮೂರು ವರ್ಷ ಬೇರು ಬದುಕಿರುತ್ತದೆ. ಒಣಗಿದ ಸೊಪ್ಪಿನ ತೂಕದಲ್ಲಿ ಹೆಚ್ಚು ಕಡಿಮೆ ಐದರಲ್ಲೊಂದು ಪಾಲು ಸಸಾರಜನಕ, ಅಂದರೆ ಹಾಲಿಗೆ ಬೇಕಾದ ಸತ್ವ. ಜೋಳದ ಸಪ್ಪೆ, ರಾಗಿ ಹುಲ್ಲುಗಳಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಕೆಚ್ಚಲು ತುಂಬುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಹಸುರು ಮೇವಿನ ಮಾತು ಹೊಟ್ಟೆಪಾಡಿನ ಮಾತೇ ಆಗಿದೆ. 2010ರ ಸುಮಾರಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆ ರಕ್ಷಣಾ ಸಂಸ್ಥೆಗಳಿಗೂ ವಿಜ್ಞಾನ ಸಂಸ್ಥೆಗಳಿಗೂ ಹೋಯಿತು, ಬೇಲಿ ಎದ್ದಿತು. ಮೇಯುವ ನೆಲ ಕಿರಿದಾದಷ್ಟೂ ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಾಕಬೇಕಾಗುತ್ತದೆ. ಕಟ್ಟಿ ಸಾಕುವ ದನಕ್ಕೆ ಮೇವು ಬೆಳೆಯಬೇಕು. ಮೇವಿಗೆ ಬೀಜ ಬೇಕು. ಬೀಜ ಬೇಕೆಂದರೆ ರೈತ ಅಂಗಡಿಯ ಮುಂದೆ ಕೈಚಾಚಿ ನಿಲ್ಲಬೇಕು.

ಅಂಗಡಿಯಲ್ಲಿ ಆತನಿಗೆ ಏನು ಸಿಗುತ್ತದೆ? ಆನಂದ್-2 ಎಂಬ ಹೆಸರಿನ ತಳಿ ಗುಜರಾತಿನ ಆನಂದದ್ದು. ಆರ್.ಎಲ್.-88 ಮಹಾರಾಷ್ಟ್ರದ ರಾಹುರಿಯ ಕೃಷಿ ವಿದ್ಯಾಪೀಠದ್ದು. ಕೋ-1 ಕೊಯಮತ್ತೂರಿನದು. ಈ ತಳಿಗಳ ಮೇಲೆ ನಮಗೆ ದ್ವೇಷವಿಲ್ಲ. ಅವನ್ನು ಬೆಳೆಸಿದ ವಿಜ್ಞಾನಿಗಳಿಗೆ ನಮಸ್ಕಾರ. ನಮ್ಮ ತಕರಾರು ಚೀಲದ ಮೇಲಿನ ಹೆಸರಿಗೂ ಚೀಲದ ಒಳಗಿನ ಕಾಳಿಗೂ ಇರುವ ಸಂಬಂಧವನ್ನು ಕುರಿತದ್ದು.

ಶೇಂಗಾ ಬೀಜವನ್ನು ರೈತ ಕೈಯಲ್ಲಿ ಹಿಡಿದು ನೋಡಿ, ಕಚ್ಚಿ ನೋಡಿ ಒಂದಿಷ್ಟು ತಿಳಿಯಬಲ್ಲ. ಕುದುರೆ ಮಸಾಲೆಯ ಬೀಜ ಹಾಗಲ್ಲ. ಒಂದು ಕಿಲೋದಲ್ಲಿ ನಾಲ್ಕೈದು ಲಕ್ಷ ಕಾಳು. ಮೂರು ವರ್ಷ ಬದುಕುವ ತಳಿಯ ಕಾಳಿಗೂ ಒಂದೇ ವರ್ಷಕ್ಕೆ ಸಾಯುವ ತಳಿಯ ಕಾಳಿಗೂ ಕಣ್ಣಿಗೆ ಭೇದವೇ ಕಾಣುವುದಿಲ್ಲ. ಮೋಸ ಬಯಲಾಗುವುದು ಎರಡನೆಯ ವರ್ಷ, ಮಡಿ ಬೋಳಾದಾಗ. ಅಷ್ಟು ಹೊತ್ತಿಗೆ ಅಂಗಡಿಯ ಚೀಟಿ ಎಲ್ಲಿರುತ್ತದೆ, ಅಂಗಡಿಯೇ ಎಲ್ಲಿರುತ್ತದೆ?

ಇದಕ್ಕಿಂತ ಕೆಟ್ಟದ್ದು ಇನ್ನೊಂದುಂಟು. ಬೇರಿಲ್ಲದ, ಎಲೆಯಿಲ್ಲದ ಹಳದಿ ದಾರದಂತಹ ಒಂದು ಬಳ್ಳಿ. ಬಂಗಾರದ ಬಳ್ಳಿ ಎಂದು ಕೆಲವರು ಕರೆಯುತ್ತಾರೆ, ಪುಸ್ತಕದ ಹೆಸರು ಕಸ್ಕ್ಯುಟ. ಸೊಪ್ಪಿನ ಕಾಂಡಕ್ಕೆ ಸುತ್ತಿಕೊಂಡು ಅದರ ರಸವನ್ನೇ ಹೀರಿ ಬದುಕುತ್ತದೆ. ಇದರ ಬೀಜವೂ ಕುದುರೆ ಮಸಾಲೆಯ ಬೀಜದಷ್ಟೇ ಗಾತ್ರ. ಒಮ್ಮೆ ಹೊಲಕ್ಕೆ ಬಿದ್ದರೆ ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿದ್ದು ಏಳುತ್ತದೆ. ಜರಡಿಗೆ ಸಿಕ್ಕದ ಈ ಬೀಜವನ್ನು ಬೇರ್ಪಡಿಸುವುದಕ್ಕೂ ಉಪಾಯವಿದೆ: ಕುದುರೆ ಮಸಾಲೆಯ ಕಾಳು ನುಣುಪು, ಇದರದು ಒರಟು. ಮಖಮಲ್ಲು ಸುತ್ತಿದ ಉರುಳೆಗಳ ಮೇಲೆ ಹಾಯಿಸಿದರೆ ಒರಟು ಕಾಳು ಬಟ್ಟೆಗೆ ಅಂಟುತ್ತದೆ, ನುಣುಪು ಕಾಳು ಜಾರಿ ಕೆಳಗಿಳಿಯುತ್ತದೆ. ಉಪಾಯ ಹಳೆಯದು, ಯಂತ್ರ ದೊಡ್ಡದಲ್ಲ. ಆದರೆ ಒಂದೆರಡು ಎಕರೆಯ ರೈತ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಲಾರ.

ಈ ಕಷ್ಟ ನಮ್ಮದು ಮಾತ್ರವಲ್ಲ. 1857ರಲ್ಲಿ ವೆಂಡೆಲಿನ್ ಗ್ರಿಮ್ ಎಂಬ ಜರ್ಮನ್ ರೈತ ಸ್ವಂತ ಊರಿನಿಂದ ಈ ಸೊಪ್ಪಿನ ಒಂದಿಷ್ಟು ಬೀಜ ಕಟ್ಟಿಕೊಂಡು ಅಮೆರಿಕದ ಮಿನ್ನೆಸೋಟಕ್ಕೆ ಹೋದ. ಅಲ್ಲಿನ ಹಿಮಕ್ಕೆ ಬಹುಪಾಲು ಗಿಡ ಸತ್ತವು. ಉಳಿದವುಗಳ ಬೀಜವನ್ನು ಕೂಡಿಟ್ಟು ಮತ್ತೆ ಬಿತ್ತಿದ. ಮತ್ತೆ ಉಳಿದದ್ದನ್ನು ಮತ್ತೆ ಬಿತ್ತಿದ. ವರ್ಷಾನುವರ್ಷ ಹೀಗೆ ಮಾಡಿ, ಚಳಿಗೆ ಜಗ್ಗದ ತಳಿಯೊಂದು ಆತನ ಹೊಲದಲ್ಲಿ ನಿಂತಿತು. ಪದವಿ ಪಡೆದವರು ಅದನ್ನು ಕಂಡುಕೊಂಡದ್ದು ಬಹಳ ಕಾಲದ ಮೇಲೆ. ಹೆಸರು ಹರಡಿದ ಕೂಡಲೆ ವ್ಯಾಪಾರಿಗಳು ಕಂಡಕಂಡ ಬೀಜಕ್ಕೆಲ್ಲ ಗ್ರಿಮ್ ಎಂಬ ಹೆಸರು ಹಚ್ಚಿ ಮಾರಿದರು. ಕಾಳು ನೋಡಿ ತಿಳಿಯುವಂತಿಲ್ಲವಾದ್ದರಿಂದ, ಹೊಲದಲ್ಲಿಯೇ ಬೆಳೆ ನೋಡಿ ಮುದ್ರೆ ಹಾಕುವ ಕ್ರಮಕ್ಕೆ ಅಲ್ಲಿನ ಬೆಳೆಗಾರರ ಸಂಘಗಳು ಮುಂದಾದವು. ಇದರಿಂದ ಎರಡು ಪಾಠ ಕಲಿಯಬಹುದು. ತಳಿ ಹುಟ್ಟುವುದು ರೈತನ ಹೊಲದಲ್ಲಿಯೂ ಸಾಧ್ಯ. ಅದರ ಹೆಸರನ್ನು ಕಾಯುವುದು ಮಾತ್ರ ಒಬ್ಬನಿಂದ ಸಾಧ್ಯವಿಲ್ಲ.

ನಮ್ಮ ದೇಶದಲ್ಲಿಯೂ ಕ್ರಮವಿಲ್ಲವೆಂದಲ್ಲ. 1966ರ ಬೀಜ ಶಾಸನವಿದೆ, 1968ರ ನಿಯಮಗಳಿವೆ, ರಾಜ್ಯದಲ್ಲಿ ಬೀಜ ಪ್ರಮಾಣನ ಸಂಸ್ಥೆಯಿದೆ. ತಳಿ ಕಟ್ಟಿದವರ ಬೀಜಕ್ಕೆ ಹಳದಿ ಚೀಟಿ, ಅದರಿಂದ ಬೆಳೆದ ಮೂಲ ಬೀಜಕ್ಕೆ ಬಿಳಿ, ಅದರಿಂದ ಬೆಳೆದು ರೈತನ ಕೈಸೇರುವ ಪ್ರಮಾಣಿತ ಬೀಜಕ್ಕೆ ನೀಲಿ. ಬೀಜದ ಮೂಲ ನೋಡಬೇಕು, ಹೊಲಕ್ಕೆ ಬಂದು ಬೆಳೆ ನೋಡಬೇಕು, ಸಂಸ್ಕರಣೆ ನೋಡಬೇಕು, ಪ್ರಯೋಗಾಲಯದಲ್ಲಿ ಮೊಳಕೆ ಪರೀಕ್ಷೆಯಾಗಬೇಕು. ಆಮೇಲೆ ಚೀಟಿ, ಮುದ್ರೆ. ಮುದ್ರೆಗೂ ಅವಧಿಯುಂಟು: ಪರೀಕ್ಷೆಯಾದಂದಿನಿಂದ 9 ತಿಂಗಳು. ಬರವಣಿಗೆಯಲ್ಲಿ ಇದಕ್ಕಿಂತ ಚೆನ್ನಾದ ಏರ್ಪಾಡು ಬೇರೆ ಬೇಡ.

ಆದರೆ ಅದೇ ಶಾಸನ ಈ ಪ್ರಮಾಣನವನ್ನು ಮಾರುವವನ ಇಷ್ಟಕ್ಕೆ ಬಿಟ್ಟಿತು. ಇಷ್ಟವಿಲ್ಲದವನು ಹಸುರು ಚೀಟಿಯ ಮೇಲೆ ತನ್ನ ಸರಕಿನ ಗುಣವನ್ನು ತಾನೇ ಬರೆದುಕೊಳ್ಳಬಹುದು. ಪರೀಕ್ಷೆ ಬರೆದ ಹುಡುಗನೇ ಅಂಕ ಹಾಕಿಕೊಂಡಂತಾಯಿತು. ಸುಳ್ಳು ಬರೆದು ಸಿಕ್ಕಿಬಿದ್ದರೆ ಆ ಶಾಸನ ವಿಧಿಸಿದ ದಂಡ ಮೊದಲ ತಪ್ಪಿಗೆ ಹೆಚ್ಚೆಂದರೆ 500 ರೂಪಾಯಿ. 2004ರಲ್ಲಿ ಹೊಸ ಮಸೂದೆಯೊಂದು ಬಂತು. 2019ರಲ್ಲಿ ಒಂದು ಕರಡು. 2025ರ ನವೆಂಬರಿನಲ್ಲಿ ದಂಡವನ್ನು ಲಕ್ಷಗಳಿಗೆ ಏರಿಸುವ ಮತ್ತೊಂದು ಕರಡು. ದಂಡ ಏರಲಿ, ನಮ್ಮ ಅಡ್ಡಿಯಿಲ್ಲ. ಆದರೆ ದಂಡದ ಹಣ ಸರ್ಕಾರದ ಬೊಕ್ಕಸಕ್ಕೆ ಹೋದರೆ ಬೋಳಾದ ಮಡಿಯವನಿಗೆ ಬಂದದ್ದೇನು? 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಶಾಸನವು ರೈತನಿಗೆ ತನ್ನ ಬೀಜವನ್ನು ಕೂಡಿಡುವ, ಬಿತ್ತುವ, ಹಂಚುವ, ಮುದ್ರೆಯ ಹೆಸರಿಲ್ಲದೆ ಮಾರುವ ಹಕ್ಕನ್ನು ಕೊಟ್ಟಿತು. ನೋಂದಾಯಿತ ತಳಿ ಹೇಳಿದಂತೆ ನಡೆಯದಿದ್ದರೆ ಪರಿಹಾರ ಕೇಳುವ ಹಕ್ಕನ್ನೂ ಕೊಟ್ಟಿತು. ಯಾವ ಹೊಸ ಶಾಸನವೂ ಈ ಎರಡು ಹಕ್ಕುಗಳಿಗೆ ಕತ್ತರಿ ಹಾಕಕೂಡದು.

ಇನ್ನು ನಮ್ಮ ಕೈಯಲ್ಲಿ ಆಗುವ ಕೆಲಸ. ಈ ಸೊಪ್ಪಿನ ಬೀಜ ಕಟ್ಟುವುದಕ್ಕೆ ಒಣ ಹವೆ ಬೇಕು, ಹೂ ಬಿಡುವ ಕಾಲಕ್ಕೆ ಮಳೆ ಬೀಳಬಾರದು, ಬುಡಕ್ಕೆ ಮಾತ್ರ ಹದವಾಗಿ ನೀರು ಸಿಗಬೇಕು. ಇವೆಲ್ಲ ಇರುವ ಸೀಮೆ ಹಿರಿಯೂರಿನದು. ಬೇಸಿಗೆಯ ಬಿಸಿಲು ನಮಗೆ ಶಾಪವೆಂದು ಇಷ್ಟು ದಿನ ಅಂದುಕೊಂಡಿದ್ದೇವೆ; ಬೀಜದ ಬೆಳೆಗೆ ಅದೇ ವರವಾಗಬಹುದು. ಮಾಘ ಫಾಲ್ಗುಣದಲ್ಲಿ ಕೊಯ್ಲು ನಿಲ್ಲಿಸಿ ಬೆಳೆಯನ್ನು ಹೂವಿಗೆ ಬಿಟ್ಟರೆ ಹೆಕ್ಟೇರಿಗೆ ಎರಡು ಮೂರು ಕ್ವಿಂಟಲ್ ಬೀಜ ನಿರೀಕ್ಷಿಸಬಹುದು. ಇದಕ್ಕೆ ಜೇನು, ದುಂಬಿಗಳ ನೆರವು ಬೇಕು: ಹೂವಿನ ದಳವನ್ನು ಹುಳು ಒತ್ತಿ ಬಿಚ್ಚದೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಹೂವಿನ ಹೊತ್ತಿನಲ್ಲಿ ನೆರೆಯ ಹೊಲದವನು ಔಷಧಿ ಹೊಡೆದರೆ ಇವನ ಬೀಜ ಹೋಯಿತು.

ಒಂದು ಲೆಕ್ಕವನ್ನು ಓದುಗರು ದಯವಿಟ್ಟು ಗಮನಿಸಬೇಕು. ಈ ಬೆಳೆಯಲ್ಲಿ ತಳಿ ಎಂದರೆ ಒಂದು ಗಿಡದ ಸಂತಾನವಲ್ಲ. ಆರಿಸಿದ ಅನೇಕ ಗಿಡಗಳು ಪರಸ್ಪರ ಬೆರೆತು ಆದ ಒಂದು ಕುಲ. ಹೊರಗಿನ ಪರಾಗ ಸೇರಿದರೆ ಕುಲ ಕೆಟ್ಟಿತು. ಆದ್ದರಿಂದ ಪ್ರಮಾಣಿತ ಬೀಜದ ಹೊಲದಿಂದ 100 ಮೀಟರು, ಮೂಲ ಬೀಜದ ಹೊಲದಿಂದ 400 ಮೀಟರು ದೂರದೊಳಗೆ ಬೇರೆ ತಳಿಯ ಕುದುರೆ ಮಸಾಲೆ ಇರಕೂಡದೆಂದು ನಿಯಮ. ಒಂದು ಎಕರೆಯ ಚೌಕದ ಸುತ್ತ 100 ಮೀಟರು ಅಳೆದು ನೋಡಿ: ಹೊಲವೂ ಸೇರಿ ಸುಮಾರು 15 ಎಕರೆಯಾಗುತ್ತದೆ. 400 ಮೀಟರಾದರೆ ಸುಮಾರು 150 ಎಕರೆ. ಎರಡೆಕರೆ ಒಡೆಯನು ಈ ನಿಯಮವನ್ನು ಒಬ್ಬನೇ ಪಾಲಿಸುವುದು ಹೇಗೆ? ನೂರು ಎಕರೆಯವನಿಗೆ, ನೂರು ಎಕರೆ ಗುತ್ತಿಗೆ ಹಿಡಿಯಬಲ್ಲ ಕಂಪನಿಗೆ ಇದು ಸುಲಭ. ನಿಯಮ ಎಲ್ಲರಿಗೂ ಒಂದೇ ಎಂದು ಹೇಳುವಾಗಲೇ ಅದು ದೊಡ್ಡವನ ಕಡೆ ವಾಲಿರುತ್ತದೆ. ಸಣ್ಣವರಿಗೆ ದಾರಿ ಒಂದೇ: ಒಂದು ನಾಲೆಯ ತೂಬಿನ ಕೆಳಗಿನವರೆಲ್ಲ ಸೇರಿ ಒಂದು ಸಂಘ, ಒಂದೇ ತಳಿ, ಒಂದೇ ಕಣ, ಒಂದೇ ಸಂಸ್ಕರಣೆ ಯಂತ್ರ. ಔಷಧಿ ಹೊಡೆಯುವ ದಿನವನ್ನೂ ಕೂಡಿಯೇ ಗೊತ್ತುಮಾಡಬೇಕು.

ಆದ್ದರಿಂದ ನಮ್ಮ ಒತ್ತಾಯಗಳು ಇವು. ಹಿರಿಯೂರಿನ ಬಬ್ಬೂರು ಫಾರಂ ಶಿವಮೊಗ್ಗದ ಕೃಷಿ ವಿಶ್ವವಿದ್ಯಾನಿಲಯದ ಕೈಕೆಳಗಿದೆ; ಮಂಡ್ಯದ ವಿ.ಸಿ. ಫಾರಂನಲ್ಲಿ ಮೇವಿನ ಬೆಳೆಗಳ ಸಂಶೋಧನೆ ನಡೆಯುತ್ತಿದೆ. ಝಾನ್ಸಿಯ ಹುಲ್ಲುಗಾವಲು ಮತ್ತು ಮೇವು ಸಂಸ್ಥೆಯ ಶಾಖೆ ಧಾರವಾಡದಲ್ಲಿದೆ. ಈ ಮೂವರೂ ಕೂಡಿ, ಹೊರಗಿನ ತಳಿಗಳನ್ನೂ ನಮ್ಮ ರೈತರ ಮಡಿಗಳಲ್ಲಿ ಮೂರು ವರ್ಷ ತಾಳಿ ಉಳಿದ ಗಿಡಗಳ ಬೀಜವನ್ನೂ ಮಾರಿಕಣಿವೆ ನಾಲೆಯ ಎರೆ ಮಣ್ಣಿನಲ್ಲಿ ಪಕ್ಕಪಕ್ಕದಲ್ಲಿ ಬೆಳೆದು ನೋಡಲಿ. ಫಲಿತಾಂಶವನ್ನು ಕನ್ನಡದಲ್ಲಿ, ಪಂಚಾಯಿತಿಯ ಗೋಡೆಯ ಮೇಲೆ ಹಾಕಲಿ. ಮೂಲ ಬೀಜವನ್ನು ಸರ್ಕಾರವೇ ತನ್ನ ಜಮೀನಿನಲ್ಲಿ ಬೆಳೆದು ಸಂಘಗಳಿಗೆ ಕೊಡಲಿ. ಹಾಲಿನ ಒಕ್ಕೂಟ ತನ್ನ ಸದಸ್ಯರಿಗೆ ಕೊಡುವ ಮೇವಿನ ಬೀಜವನ್ನು ಮೊದಲು ಈ ಸಂಘಗಳಿಂದ, ಬಿತ್ತನೆಗೆ ಮುಂಚೆಯೇ ಗೊತ್ತಾದ ಬೆಲೆಗೆ ಕೊಳ್ಳಲಿ. ಹೊಲ ನೋಡುವ ಅಧಿಕಾರಿ ಹೂವಿನ ಕಾಲಕ್ಕೆ ಬರಲಿ; ಕಾಯಿ ಒಣಗಿದ ಮೇಲೆ ಬಂದು ರುಜು ಹಾಕಿ ಹೋಗುವುದು ಬೇಡ. ಬಳ್ಳಿ ಕೀಳುವ, ಬೆರಕೆ ಗಿಡ ಆರಿಸುವ ಕೂಲಿ ಹೆಂಗಸರ ಕಣ್ಣಿನಿಂದಲೇ ಬೀಜ ಶುದ್ಧವಾಗುವುದು. ಶುದ್ಧ ಬೀಜದ ಹೆಚ್ಚಿನ ಬೆಲೆಯಲ್ಲಿ ಅವರ ಕೂಲಿಗೂ ಪಾಲಿರಲಿ.

ಇದರಲ್ಲಿ ಅಸಾಧ್ಯವಾದದ್ದು ಯಾವುದೂ ಇಲ್ಲ. ನೂರು ವರ್ಷಕ್ಕೂ ಹಿಂದೆ ಎರಡು ಗುಡ್ಡಗಳ ನಡುವೆ ಕಲ್ಲು ಕಟ್ಟಿ ನದಿಯನ್ನೇ ನಿಲ್ಲಿಸಿದ ನಾಡು ಇದು. ಮುಂದಿನ ಬಿತ್ತನೆಗೆ ಮುಂಚೆ ತೂಬು ತೂಬಿನ ರೈತರು ಸಭೆ ಸೇರಲಿ, ಸಂಘದ ಅರ್ಜಿ ಬರೆಯಲಿ, ಬಬ್ಬೂರು ಫಾರಂನ ಬಾಗಿಲಿಗೆ ಹೋಗಿ ತಳಿ ಯಾವುದೆಂದು ಕೇಳಲಿ. ಬೀಜ ಕೊಂಡವರು ಚೀಟಿಯನ್ನೂ ಒಂದು ಹಿಡಿ ಬೀಜವನ್ನೂ ತೆಗೆದಿಡಲಿ. ಚೀಲ ಯಾರದೇ ಇರಲಿ, ಜವಾಬು ಕೇಳುವ ಜನ ಇದ್ದರೆ ಮಾತ್ರ ಜವಾಬು ಕೊಡುವವರು ಹುಟ್ಟುತ್ತಾರೆ.